ಕಲ್ಲಿಲ್ಲದ ನೆಲ

ಆ ಜಾಗವನ್ನು ಹುಡುಕಿದವನು ಎಂಡ್ರೆ. ಹಡಗಿಳಿದು ಬಂದ ನಮ್ಮ ಗುಂಪು ಷಿಕಾಗೋದ ಹೊರಗೆ ಗಾಡಿಗಳ ಕೆಳಗೆ ಮಲಗಿ ಕಾಯುತ್ತಿದ್ದಾಗ, ಅವನೊಬ್ಬನೇ ಹೆಗಲಿಗೆ ಚೀಲ ಹಾಕಿಕೊಂಡು ದಕ್ಷಿಣದ ಕಡೆ ನಡೆದು ಹೋಗಿದ್ದ. ಆಗಸ್ಟ್ ತಿಂಗಳು. ವಾಪಸು ಬಂದವನು ಕರವಸ್ತ್ರ ಬಿಚ್ಚಿ, ಅದರಲ್ಲಿದ್ದ ಮಣ್ಣನ್ನು ಎಲ್ಲರ ಅಂಗೈಗೂ ಒಂದೊಂದು ಚಿಟಿಕೆ ಹಾಕಿದ. ಕಾಡಿಗೆಯಂಥ ಕಪ್ಪು ಮಣ್ಣು.

“ಗುದ್ದಲಿ ಹಾಕ್ದೆ, ಕಾವಿನವರೆಗೂ ಇಳೀತು,” ಅಂದ. “ಠಣ್ ಅನ್ನೋ ಸದ್ದೇ ಇಲ್ಲ ಕಣ್ರೋ. ಒಂದೇ ಒಂದು ಕಲ್ಲಿಲ್ಲ.”

ನಾವು ಕಡಲಾಚೆಯ ಹಾರ್ಡಂಗರ್‌ನವರು. ಬೆಟ್ಟದ ಬುಡಕ್ಕೂ ಕಡಲಿಗೂ ನಡುವೆ ಸಿಕ್ಕಿಕೊಂಡ ತುಂಡು ಹೊಲಗಳಲ್ಲಿ ಬೆಳೆದವರು. ಪ್ರತಿ ವಸಂತದಲ್ಲೂ ನಮ್ಮ ಹೊಲ ಕೊಡುತ್ತಿದ್ದ ಮೊದಲ ಫಸಲು ಕಲ್ಲೇ. ನನ್ನ ಅಪ್ಪನ ಬೆನ್ನು ಬಾಗಿದ್ದು ಕಲ್ಲು ಹೊತ್ತು ಹೊತ್ತು. ಕಲ್ಲಿಲ್ಲದ ನೆಲ ಅಂದ ಮೇಲೆ ಗಂಡಸರು ಬೇರೇನನ್ನೂ ಕೇಳಲಿಲ್ಲ. ನನ್ನ ಗಂಡ ತೋರ್ಗೆರ್ ಆ ಮಣ್ಣನ್ನು ಮೂಸಿ ನೋಡಿ ಮಗುವಿನ ಹಾಗೆ ನಕ್ಕ. ಮಾರನೆಯ ಬೆಳಿಗ್ಗೆಯೇ ಗಾಡಿ ಕಟ್ಟಿದೆವು.

ಎಂಡ್ರೆಯ ಹೆಂಡತಿ ಗುನ್ವೋರ್ ತನ್ನ ತಾಯಿಯ ಬೀಸುವ ಕಲ್ಲನ್ನು ಊರಿನಿಂದ ತಂದಿದ್ದಳು. ಮೇಲಿನದು, ಕೆಳಗಿನದು ಎರಡೂ. ಹಡಗಿನಲ್ಲಿ ಅದನ್ನು ನೋಡಿ ನಗದವರಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವನು ಹೆಲ್ಗೆ. ಅವನ ಬಾಯಿಗೆ ಬೀಗವೇ ಇರಲಿಲ್ಲ.

“ಏನಮ್ಮಾ ಗುನ್ವೋರ್, ಊರಲ್ಲಿ ಕಲ್ಲು ಹೊತ್ತಿದ್ದು ಸಾಕಾಗ್ಲಿಲ್ವಾ? ಸಮುದ್ರ ದಾಟಿಸಿ ಬೇರೆ ಹೊರ್ಬೇಕಾ?”

“ನಗು ನಗು,” ಅಂದಿದ್ದಳು ಅವಳು. “ಹಿಟ್ಟಿಗೆ ನನ್ನ ಬಾಗಿಲಿಗೇ ಬರ್ತೀಯಲ್ಲ, ಆಗ ನಾನು ನಗ್ತೀನಿ.”

ಹಾಗೆಯೇ ಆಯಿತು. ಹಿಟ್ಟಿನ ಗಿರಣಿ ಗಾಡಿಯಲ್ಲಿ ಹೋದರೂ ಎರಡು ದಿನದ ದಾರಿ. ಆ ಮೊದಲ ಚಳಿಗಾಲದಲ್ಲಿ ಹೆಂಗಸರೆಲ್ಲ ಮೆಕ್ಕೆಜೋಳದ ಚೀಲ ಹಿಡಿದು ಗುನ್ವೋರ್ ಮನೆಯಲ್ಲಿ ಸೇರುತ್ತಿದ್ದೆವು. ಇಬ್ಬರು ಎದುರುಬದುರು ಕೂತು ಗೂಟ ಹಿಡಿದು ಬೀಸುವುದು, ಉಳಿದವರು ಒಲೆಯ ಸುತ್ತ ಕೂತು ಹರಟುವುದು. ಅವಳ ಮಗ ಔದುನ್‌ಗೆ ಆಗ ಆರು ವರ್ಷ. ಕಲ್ಲಿನ ಅಂಚಿನಿಂದ ಉದುರುವ ಬಿಸಿ ಹಿಟ್ಟನ್ನು ಬೆರಳಲ್ಲಿ ನೆಕ್ಕುತ್ತಿದ್ದ. ಅವನ ಅಕ್ಕ ಲಿವ್ ಅವನ ಕೈಗೆ ಹೊಡೆಯುವಳು. ಗುನ್ವೋರ್, “ನೆಕ್ಕಲಿ ಬಿಡೇ, ಹಲ್ಲಿಲ್ಲದ ಮುದುಕನ ಹಾಗೆ,” ಅನ್ನುವಳು. ಆಗಷ್ಟೇ ಅವನ ಮುಂದಿನ ಹಲ್ಲು ಬಿದ್ದಿದ್ದವು.

ಹಿಮ ಕರಗಿದ ಮೇಲೆ ನೀರು ಬಂತು.

ಹೊಳೆ ಉಕ್ಕಿ ಬಂದಿದ್ದರೆ ಓಡುತ್ತಿದ್ದೆವೇನೋ. ಈ ನೀರು ನೆಲದೊಳಗಿಂದಲೇ ಎದ್ದಿತು. ಬೆಳಿಗ್ಗೆ ಕದ ತೆರೆದರೆ ಹೊಸ್ತಿಲ ಹತ್ತಿರ ಹುಲ್ಲು ತೇಲುತ್ತಿತ್ತು. ಆಗಸ್ಟಿನಲ್ಲಿ ಸೊಂಟದೆತ್ತರ ಹುಲ್ಲು ಯಾಕೆ ಬೆಳೆದಿತ್ತು ಅನ್ನುವುದು ನಮಗೆ ಈಗ ಗೊತ್ತಾಯಿತು. ಗಂಡಸರು ಕಾಲುವೆ ತೋಡಿದರು. ಆ ಸಮತಟ್ಟಿನಲ್ಲಿ ನೀರು ಯಾವ ಕಡೆಗೂ ಹೋಗಲೊಲ್ಲದು, ಕಾಲುವೆಯಲ್ಲೇ ನಿಂತು ನಮ್ಮ ಮುಖ ನೋಡುತ್ತಿತ್ತು. ಜೂನ್‌ನಲ್ಲಿ ಒಣಗುತ್ತದೆ ಅಂದುಕೊಂಡೆವು. ಜೂನ್‌ನಲ್ಲಿ ಮಳೆ ಹಿಡಿಯಿತು. ಹೆಲ್ಗೆಯ ಹಸು ಕೆಸರಲ್ಲಿ ಹೂತುಹೋಗಿ, ಎತ್ತಲು ಆಗದೆ, ನಿಂತಲ್ಲೇ ಸತ್ತಿತು. ಉಳಿದವುಗಳ ಹಾಲು ಬತ್ತಿತು. ಆಮೇಲೆ ಸೊಳ್ಳೆ, ಸೊಳ್ಳೆಯ ಹಿಂದೆಯೇ ನಡುಕದ ಜ್ವರ.

ಅದು ದಿನ ಬಿಟ್ಟು ದಿನ ಬರುತ್ತಿತ್ತು. ಬಂದಾಗ ಮಂಚ ಸಮೇತ ಮನುಷ್ಯ ಗಡಗಡ ನಡುಗುವನು, ಆಮೇಲೆ ಮೈ ಕೆಂಡ, ಆಮೇಲೆ ಬೆವರು. ಮಾರನೆಯ ದಿನ ಎದ್ದು ಗೋಡೆ ಹಿಡಿದು ನಡೆಯಬಹುದು. ಮೊದಮೊದಲು ನಾವು ಅದರಲ್ಲೂ ತಮಾಷೆ ಮಾಡಿದೆವು. “ಇವತ್ತು ಯಾರ ಸರದಿ? ನಿಂದಾ, ನಂದಾ?” ಎಂದು ತೋರ್ಗೆರ್ ಕೇಳುತ್ತಿದ್ದ. ಒಬ್ಬರು ನಡುಗುವ ದಿನ ಇನ್ನೊಬ್ಬರು ನೀರು ಕೊಡುವುದು. ಇಬ್ಬರ ಸರದಿಯೂ ಒಂದೇ ದಿನ ಬೀಳತೊಡಗಿದ ಮೇಲೆ ತಮಾಷೆ ನಿಂತಿತು.

ಮುದುಕರು ಮೊದಲು ಹೋದರು. ಆಮೇಲೆ ಮಕ್ಕಳು. ಎಂಡ್ರೆಗೆ ಯಾರೂ ಏನೂ ಅನ್ನಲಿಲ್ಲ. ಆದರೆ ಅವನು ಬಂದರೆ ಮಾತು ನಿಲ್ಲುತ್ತಿತ್ತು. ಅವನು ಯಾರ ಮನೆಯಲ್ಲಿ ಸಾವಾದರೂ ಕರೆಯದೆ ಬಂದು ಗುಂಡಿ ತೋಡುತ್ತಿದ್ದ. ತನಗೆ ನಡುಕ ಬಂದ ದಿನವೂ ತೋಡುತ್ತಿದ್ದ.

ಜುಲೈಯಲ್ಲಿ ಔದುನ್ ಸತ್ತ. ಮೂರೇ ಬಾರಿ ನಡುಗಿದ್ದ. ನಾಲ್ಕನೆಯ ಸಲ ಬೆವರು ಬರಲೇ ಇಲ್ಲ.

ಹಲಗೆ ಕೊಯ್ಯುವ ಶಕ್ತಿ ಯಾರಲ್ಲೂ ಇರಲಿಲ್ಲ. ಊರಿನಿಂದ ಬಟ್ಟೆಬರೆ ತುಂಬಿ ತಂದಿದ್ದ ಪೆಟ್ಟಿಗೆಯಲ್ಲೇ ಅವನನ್ನು ಮಲಗಿಸಿದರು. ನೀಲಿ ಬಣ್ಣ ಬಳಿದು, ಮುಚ್ಚಳದ ಮೇಲೆ ಹೂಬಳ್ಳಿ ಬರೆದ ಪೆಟ್ಟಿಗೆ. ಸಮುದ್ರದ ನೀರೂ ಒಳಗೆ ಹೋಗದ ಹಾಗೆ ಮಾಡಿದ ಕೆಲಸ ಅದು. ಓಕ್ ಮರಗಳಿದ್ದ ದಿಬ್ಬದ ಮೇಲೆ ಗುಂಡಿ ತೋಡಿದರೆ, ಅಲ್ಲೂ ತೋಡಿದಷ್ಟೂ ನೀರು ತುಂಬಿತು. ಹಗ್ಗ ಸಡಿಲಿಸಿದಾಗ ಪೆಟ್ಟಿಗೆ ಇಳಿಯಲಿಲ್ಲ. ತೇಲಿತು. ನಿಧಾನವಾಗಿ ಒಂದು ಕಡೆ ತಿರುಗಿ, ಗುಂಡಿಯ ಅಂಚಿಗೆ ತಾಗಿ ನಿಂತಿತು.

ಪ್ರಾರ್ಥನೆ ಓದುತ್ತಿದ್ದವನು ಓದು ನಿಲ್ಲಿಸಿದ. ಎಂಡ್ರೆ ಕೋಲಿನಿಂದ ಒತ್ತಿದ. ಕೊನೆಗೆ ತೋರ್ಗೆರ್ ಬೂಟು ಕಳಚಿ, ಗುಂಡಿಗಿಳಿದು, ಮುಚ್ಚಳದ ಮೇಲೆ ನಿಂತ. ಅವನು ನಿಂತಿದ್ದಷ್ಟು ಹೊತ್ತು ಪೆಟ್ಟಿಗೆ ಕೆಳಗಿತ್ತು. ಅವನ ಕಾಲಿನ ಸುತ್ತ ಮಣ್ಣು ಹಾಕಿದೆವು. ಅದು ಮಣ್ಣಲ್ಲ, ಅಂಬಲಿ. ಅವನು ಮೇಲೆ ಬಂದ. ನಾವು ನೋಡುತ್ತಿದ್ದ ಹಾಗೆಯೇ ನೀಲಿ ಬಣ್ಣದ ಮೂಲೆಯೊಂದು ಕೆಸರು ಸೀಳಿ ಮೇಲೆದ್ದಿತು.

“ಕಲ್ಲು ಹೇರ್ಬೇಕು,” ಅಂದ ಯಾರೋ. ಸುತ್ತ ಕಣ್ಣು ಹೋಗುವಷ್ಟು ದೂರ ಹುಲ್ಲು, ನೀರು.

ಗುನ್ವೋರ್ ಅಳಲಿಲ್ಲ. ತಿರುಗಿ ಮನೆಯ ಕಡೆ ಹೋದಳು. ಸ್ವಲ್ಪ ಹೊತ್ತಿಗೆ ಬೀಸುವ ಕಲ್ಲಿನ ಮೇಲಿನ ಭಾಗವನ್ನು ಹೊಟ್ಟೆಗೆ ಅವುಚಿಕೊಂಡು ಕೆಸರಲ್ಲಿ ಕಾಲೆಳೆಯುತ್ತ ಬಂದಳು. ಯಾರಿಗೂ ಹಿಡಿಯಲು ಬಿಡಲಿಲ್ಲ. “ಇನ್ನೊಂದನ್ನ ತಗೊಂಡ್ಬಾ,” ಎಂದಳು ಗಂಡನಿಗೆ. ಅವನು ತಂದ. ಎರಡನ್ನೂ ಮುಚ್ಚಳದ ಮೇಲೆ ಇಟ್ಟಾಗ ಪೆಟ್ಟಿಗೆ ಗುಳುಗುಳು ಸದ್ದು ಮಾಡುತ್ತ ತಳ ಸೇರಿತು, ಮತ್ತೆ ಏಳಲಿಲ್ಲ.

ಆ ದಿನ ನಮ್ಮಲ್ಲಿ ಯಾರೂ ಹಿಟ್ಟಿನ ಬಗ್ಗೆ ಯೋಚಿಸಲಿಲ್ಲ.

ಆಮೇಲೆ ಮೆಕ್ಕೆಜೋಳವನ್ನು ಕುಳಿ ತೋಡಿದ ಮರದ ಬೊಡ್ಡೆಯಲ್ಲಿ ಹಾಕಿ ಒನಕೆಯಂಥ ಕೋಲಿನಿಂದ ಕುಟ್ಟತೊಡಗಿದೆವು. ಕುಟ್ಟುವವರ ಕೈ ನಡುಗುತ್ತಿತ್ತು, ನುಚ್ಚು ದಪ್ಪ ಉಳಿಯುತ್ತಿತ್ತು. ಎಷ್ಟು ಬೇಯಿಸಿದರೂ ಜ್ವರದವರ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಗಿರಣಿಯ ದಾರಿ ನೀರಿನ ಕೆಳಗಿತ್ತು. ಎತ್ತುಗಳು ಎದ್ದು ನಿಲ್ಲುವುದೇ ಕಷ್ಟ. ಹೆಲ್ಗೆಯ ಹೆಂಡತಿ ಓಸೆಗೆ ಅದೇ ತಿಂಗಳು ಹೆಣ್ಣು ಮಗು ಹುಟ್ಟಿತ್ತು. ಜ್ವರಕ್ಕೆ ಅವಳ ಎದೆಹಾಲು ಇಂಗಿಹೋಯಿತು. ನುಣ್ಣನೆಯ ಹಿಟ್ಟಿನ ತೆಳು ಗಂಜಿಯಾದರೂ ಬೇಕಿತ್ತು. ನುಚ್ಚಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಹನಿಸಿದರೆ ಕೂಸು ಕಕ್ಕಿಬಿಡುತ್ತಿತ್ತು.

ಆಗಸ್ಟ್ ಮುಗಿಯುವ ಹೊತ್ತಿಗೆ ಮಳೆ ಬಿಟ್ಟಿತು. ಒಂದು ಮಧ್ಯಾಹ್ನ ನಾನು ಗುನ್ವೋರ್‌ಳ ಮನೆಯಲ್ಲಿದ್ದಾಗ ಹೆಲ್ಗೆ ಬಂದು ಬಾಗಿಲಲ್ಲೇ ನಿಂತ.

“ಎಂಡ್ರೆ, ಆ ಕಲ್ಲು ಬೇಕು ಕಣೋ.”

ಎಂಡ್ರೆ ತಲೆ ಎತ್ತಲಿಲ್ಲ. ಗುನ್ವೋರ್ ಎತ್ತಿದಳು. “ಯಾವ ಕಲ್ಲು?”

“ಯಾವ್ದು ಅಂತ ನಿಂಗೊತ್ತು. ಸತ್ತೋನಿಗೆ ಹಿಟ್ಟು ಬೇಡ ಗುನ್ವೋರ್. ನನ್ನ ಕೂಸು ಬದುಕಿದೆ ಇನ್ನೂ.”

“ಹೋಗು ಇಲ್ಲಿಂದ.”

“ಹೋಗ್ತೀನಿ. ಎಲ್ಲಿಗೆ ಹೋಗ್ಲಿ, ಅದನ್ನೂ ನಿನ್ನ ಗಂಡನೇ ಹೇಳ್ಲಿ. ಜಾಗ ಹುಡುಕೋದ್ರಲ್ಲಿ ಜಾಣ ಅಲ್ವಾ! ಒಂದು ಕಲ್ಲಿಲ್ಲ, ಒಂದು ಕಲ್ಲಿಲ್ಲ ಅಂತ ಕುಣಿದ್ಯಲ್ಲೋ. ಈಗ ನೋಡು.”

ಇಷ್ಟು ದಿನ ಎಲ್ಲರೂ ನುಂಗಿಕೊಂಡಿದ್ದ ಮಾತು ಅದು. ಎಂಡ್ರೆ ಎದ್ದು, ಗೋಡೆಗೆ ಒರಗಿಸಿದ್ದ ಗುದ್ದಲಿ ತೆಗೆದುಕೊಂಡ. ಗುನ್ವೋರ್ ಬಾಗಿಲಿಗೆ ಅಡ್ಡ ಬಂದಳು.

“ಇಡು ಅದನ್ನ. ಅವನ ಮೇಲೆ ಗುದ್ದಲಿ ಹಾಕಿದ್ರೆ ನಾನು ನಿನ್ನ ಮುಖ ನೋಡಲ್ಲ.”

“ಈಗ ನೋಡ್ತಿದೀಯಾ?” ಎಂದ ಎಂಡ್ರೆ ಮೆಲ್ಲಗೆ. ಔದುನ್ ಸತ್ತ ಮೇಲೆ ಅವರಿಬ್ಬರೂ ಒಬ್ಬರ ಕಣ್ಣು ಒಬ್ಬರು ನೋಡದ್ದನ್ನು ನಾನೂ ಕಂಡಿದ್ದೆ.

ಹೆಲ್ಗೆ ಉಗುಳಿ ಹೊರಟುಹೋದ. ಗುನ್ವೋರ್ ಸ್ವಲ್ಪ ಹೊತ್ತು ಕೂತಳು, ಆಮೇಲೆ ಶಾಲು ಹೊದ್ದು ಹೊರಟಳು. ನಾನೂ ಹಿಂದೆ ಹೋದೆ. ಅವನನ್ನು ಬೈಯಲು ಹೋಗುತ್ತಿದ್ದಾಳೆ ಅಂದುಕೊಂಡೆ. ಹೆಲ್ಗೆಯ ಮನೆಯಲ್ಲಿ ಓಸೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕೂಸು ಅಳುತ್ತಿರಲಿಲ್ಲ, ಬಾಯಿ ತೆರೆಯುತ್ತಿತ್ತು, ಸದ್ದಿಲ್ಲ. ಗುನ್ವೋರ್ ಅದನ್ನು ಎತ್ತಿಕೊಂಡಳು. ಅದು ಅವಳ ರವಿಕೆಯ ಬಟ್ಟೆಯನ್ನೇ ಚೀಪತೊಡಗಿತು.

“ಬ್ರಿಟಾ,” ಎಂದು ನನ್ನನ್ನು ಕರೆದಳು. “ಗುದ್ದಲಿ ತಗೊಂಡ್ಬಾ. ನಾನೇ ತೆಗೀತೀನಿ. ಬೇರೆ ಯಾರೂ ಅವನನ್ನ ಮುಟ್ಟೋದು ಬೇಡ.”

ದಿಬ್ಬದ ಮೇಲೆ ನಾವಿಬ್ಬರೇ ತೋಡಿದೆವು. ಗುದ್ದಲಿಯನ್ನು ಅವಳು ಸ್ವಲ್ಪ ಆಳದವರೆಗೆ ಮಾತ್ರ ಬಳಸಿದಳು. ಆಮೇಲೆ ಕೈಯಿಂದ ಮಣ್ಣು ಬಾಚಿದಳು. ನೀರು ಇಳಿದಿತ್ತು, ಆದರೆ ತಳದಲ್ಲಿ ಇನ್ನೂ ಇತ್ತು. ಮೇಲಿನ ಕಲ್ಲು ಎತ್ತಿದಾಗ ಪೆಟ್ಟಿಗೆ ಕದಲಿತು. ಅವಳು ಮುಚ್ಚಳದ ಮೇಲೆ ಕೈ ಇಟ್ಟು, “ಸುಮ್ನಿರು ಪುಟ್ಟ, ಸುಮ್ನಿರು,” ಎಂದಳು. ನಿದ್ದೆಯಲ್ಲಿ ಹೊರಳಿದ ಮಗುವಿಗೆ ಹೇಳುವ ದನಿ.

ಆಗ ಹೆಲ್ಗೆ ಬಂದ. ಹೆಗಲ ಮೇಲೆ ಓಕ್ ಮರದ ಗಟ್ಟಿ ಗಳಗಳು, ಕೈಯಲ್ಲಿ ಕೊಡಲಿ. ಅವನ ಹಿಂದೆ ಎಂಡ್ರೆ. ಮಳೆ ನಿಂತ ಮೇಲೆ ಗುಂಡಿಯ ಪಕ್ಕದ ಜೇಡಿ ಗಟ್ಟಿಯಾಗಿತ್ತು. ಎರಡನೆಯ ಕಲ್ಲನ್ನೂ ಎತ್ತಿದ ಮೇಲೆ ಗಳಗಳನ್ನು ಪೆಟ್ಟಿಗೆಯ ಮೇಲೆ ಅಡ್ಡಡ್ಡ ಇಟ್ಟು, ಎರಡೂ ತುದಿ ಜೇಡಿಯೊಳಗೆ ಹೊಡೆದು ಕೂರಿಸಿದರು. ಪೆಟ್ಟಿಗೆ ಅಲ್ಲಾಡಲಿಲ್ಲ. ಮಣ್ಣು ಮುಚ್ಚಿದ ಮೇಲೆ ಹೆಲ್ಗೆ ಟೋಪಿ ತೆಗೆದು, “ಆ ಮಾತು ಆಡಬಾರದಿತ್ತು ನಾನು,” ಎಂದ ಎಂಡ್ರೆಗೆ.

“ಸುಳ್ಳೇನೂ ಆಡ್ಲಿಲ್ವಲ್ಲ,” ಎಂದ ಎಂಡ್ರೆ.

ಕಲ್ಲನ್ನು ಬಿಸಿನೀರಲ್ಲಿ ತೊಳೆದು ಅಂದೇ ಸಂಜೆ ಬೀಸಿದೆವು. ಆ ಹಿಟ್ಟಿನ ಗಂಜಿ ಕುಡಿದು ಕೂಸು ಬದುಕಿತು. ಅದರ ತಾಯಿ ಬದುಕಲಿಲ್ಲ. ಓಸೆಯನ್ನು ಸೆಪ್ಟೆಂಬರ್‌ನಲ್ಲಿ ಅದೇ ದಿಬ್ಬದಲ್ಲಿ ಹೂತೆವು. ಆ ಹೊತ್ತಿಗೆ ನೆಲ ಒಣಗಿತ್ತು. ಗುಂಡಿ ಚೆನ್ನಾಗಿ ಬಂತು.

ಉತ್ತರದಲ್ಲಿ, ವಿಸ್ಕಾನ್ಸಿನ್‌ನಲ್ಲಿ, ನಮ್ಮ ದೇಶದವರು ಎತ್ತರದ ಜಾಗ ಹಿಡಿದಿದ್ದಾರೆ ಎಂದು ದಾರಿಹೋಕನೊಬ್ಬ ಹೇಳಿದ. ಹಿಮ ಬೀಳುವ ಮುಂಚೆ ಹೊರಡುವುದು ಅಂತಾಯಿತು. ಉಳಿದ ಎತ್ತುಗಳಿಗೆ ಎಳೆಯಲಾಗುವಷ್ಟೇ ಗಾಡಿ. ಮನೆಗಳನ್ನು ಹಾಗೆಯೇ ಬಿಟ್ಟೆವು. ಯಾರು ಕೊಂಡುಕೊಳ್ಳುತ್ತಾರೆ?

ಹೊರಡುವ ದಿನ ಎಂಡ್ರೆ ಗಾಡಿಗೆ ಸಾಮಾನು ಹೇರಿದ, ಲಿವ್‌ಳನ್ನು ಎತ್ತಿ ಕೂರಿಸಿದ, ತಾನು ಹತ್ತಲಿಲ್ಲ.

“ನೀವು ಹೋಗಿ,” ಎಂದ. “ನಾನು ಇಲ್ಲೇ ಇರ್ತೀನಿ.”

“ಯಾಕೆ?” ಎಂದಳು ಗುನ್ವೋರ್.

“ಇವರನ್ನೆಲ್ಲ ಕರ್ಕೊಂಡು ಬಂದೋನು ನಾನು. ಎದ್ದು ನಡೆಯೋಕೆ ಆಗದೋರು ದಿಬ್ಬದಲ್ಲಿ ಇಷ್ಟು ಜನ ಇದಾರೆ. ಹೇಗೆ ಬಿಟ್ಟು ಬರ್ಲಿ?”

“ಅಲ್ಲಿರೋರಿಗೆ ನಿನ್ನಿಂದ ಏನಾಗ್ಬೇಕು? ಲಿವ್‌ಗೆ ಆಗ್ಬೇಕಾಗಿದೆ. ನಂಗೆ ಆಗ್ಬೇಕಾಗಿದೆ.”

“ವಸಂತದಲ್ಲಿ ನೀರು ಮತ್ತೆ ಏಳುತ್ತೆ ಗುನ್ವೋರ್. ಗಳ ಸಡಿಲ ಆದ್ರೆ ಯಾರು ನೋಡ್ತಾರೆ?”

ಅವಳು ಅವನ ತೋಳು ಹಿಡಿದೆಳೆದಳು. ಅಂಗಿ ಹರಿಯುವ ಹಾಗೆ ಎಳೆದಳು. ಎಲ್ಲರೆದುರಿಗೆ ಬೈದಳು: ಹೇಡಿ ಅಂದಳು, ಅಪ್ಪನಿಗೆ ಹುಟ್ಟಿದವನಲ್ಲ ಅಂದಳು. ತೋರ್ಗೆರ್ ಬೇಡಿಕೊಂಡ. ಹೆಲ್ಗೆ ಕೂಡ, “ಬಾರೋ ಮಾರಾಯ, ಯಾರೂ ನಿನ್ನ ತಪ್ಪು ಅನ್ನಲ್ಲ,” ಎಂದ. ಎಂಡ್ರೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಗಾಡಿ ಹೊರಟಾಗ ಗುನ್ವೋರ್ ಹೆಲ್ಗೆಯ ಕೂಸನ್ನು ಮಡಿಲಲ್ಲಿಟ್ಟುಕೊಂಡು ಎತ್ತಿನ ಬೆನ್ನನ್ನೇ ನೋಡುತ್ತ ಕೂತಿದ್ದಳು. ಹಿಂದಕ್ಕೆ ನೋಡಿ ಅತ್ತವರು ನಾನು, ಲಿವ್ ಇಬ್ಬರೇ.

ಮಾರನೆಯ ಬೇಸಿಗೆ ತೋರ್ಗೆರ್ ಅವನನ್ನು ನೋಡಿ ಬರಲು ಹೋದ. ಮನೆಯ ಬಾಗಿಲಿಗೆ ಹೊರಗಿನಿಂದ ಹಗ್ಗ ಕಟ್ಟಿತ್ತು. ಒಳಗೆ ಹಾಸಿಗೆ ಸುತ್ತಿಟ್ಟಿತ್ತು, ಒಲೆಯಲ್ಲಿ ಹಳೆಯ ಬೂದಿ. ದಿಬ್ಬದ ಗೋರಿಗಳಿಗೆಲ್ಲ ಹೊಸ ಮಣ್ಣು ಹಾಕಿ ಏರಿಸಿತ್ತು. ಎಂಡ್ರೆ ಇರಲಿಲ್ಲ, ಅವನ ದೇಹವೂ ಸಿಗಲಿಲ್ಲ. ನದಿಯ ದಾರಿ ಹಿಡಿದು ದಕ್ಷಿಣಕ್ಕೆ ಹೋದ ಅಂದರು ಕೆಲವರು. ನೀರಿಗೆ ಸಿಕ್ಕ ಅಂದರು ಕೆಲವರು.

ವಿಸ್ಕಾನ್ಸಿನ್‌ನ ನೆಲದಲ್ಲಿ ಕಲ್ಲಿತ್ತು, ಜ್ವರವಿರಲಿಲ್ಲ. ಹೆಲ್ಗೆಯ ಮಗಳು ಗುನ್ವೋರ್‌ಳನ್ನೇ ಅಮ್ಮ ಎಂದು ಕರೆಯುತ್ತ ಬೆಳೆದಳು. ಕೆಲವು ವರ್ಷಗಳಾದ ಮೇಲೆ ಪಾದ್ರಿಯೊಬ್ಬರು ನಮ್ಮ ಕಡೆ ಬಂದಾಗ, ಹೆಲ್ಗೆ ಗಡ್ಡ ಬೋಳಿಸಿ, ತೊಳೆದ ಅಂಗಿ ಹಾಕಿ, ತನ್ನನ್ನು ಮದುವೆಯಾಗುವಂತೆ ಗುನ್ವೋರ್‌ಳನ್ನು ಕೇಳಿದ. ಅವಳು ಒಪ್ಪಿದಳು. ಪಾದ್ರಿ ಒಪ್ಪಲಿಲ್ಲ. “ಗಂಡ ಸತ್ತಿದ್ದನ್ನ ಕಂಡವರು ಯಾರಿದ್ದಾರೆ?” ಎಂದರು. ಯಾರೂ ಇರಲಿಲ್ಲ. ಹೆಲ್ಗೆ ಬೇಲಿಯಾಚೆಯ ಮನೆಯಲ್ಲಿ, ಅವಳು ಈಚೆಯ ಮನೆಯಲ್ಲಿ, ನಡುವೆ ಆ ಹುಡುಗಿ ಓಡಾಡಿಕೊಂಡು, ಹಾಗೆಯೇ ಮುದುಕರಾದರು.

ಒಂದು ಸಲ, ಲಿವ್‌ಳ ಮದುವೆಯ ಮಾರನೆಯ ದಿನ, ಗುನ್ವೋರ್ ಮತ್ತು ನಾನು ಆಲೂಗಡ್ಡೆ ಅಗೆಯುತ್ತಿದ್ದಾಗ ಕೇಳಿಬಿಟ್ಟೆ: “ಅವತ್ತು ನೀನೂ ಅಲ್ಲೇ ಉಳಿದಿದ್ರೆ ಎಂಡ್ರೆ ಬದುಕಿ ಉಳೀತಿದ್ನೇನೋ ಅಂತ ಅನ್ಸುತ್ತಾ?”

ಗುನ್ವೋರ್ ಸೊಂಟ ನೆಟ್ಟಗೆ ಮಾಡಿ, ಅಂಗೈ ಉಜ್ಜಿಕೊಂಡಳು.

“ಲಿವ್‌ಗೆ ಆ ವಾರವಷ್ಟೇ ಜ್ವರ ಬಿಟ್ಟಿತ್ತು, ಗಾಡಿ ಹತ್ತೋ ಹಾಗಿದ್ಲು ಬ್ರಿಟಾ,” ಅಂದಳು. “ನಾನು ಅದೊಂದನ್ನೇ ನೋಡ್ದೆ.”

ಆಮೇಲೆ ಮುಂದಿನ ಸಾಲಿಗೆ ಹೋದಳು.