ನಿಮ್ಮದೇ ಎಂದುಕೊಂಡು

“ತೂಕಕ್ಕಿಡು,” ಎಂದು ಹವೇಯಾ ಮತ್ತೊಮ್ಮೆ ಹೇಳಿದ.

ಕಲೋನಿ ಇಡಲಿಲ್ಲ. ಇದ್ದುದರಲ್ಲಿ ದೊಡ್ಡ ಲೋಟವನ್ನೇ ಆರಿಸಿಕೊಂಡು, ಗೋಡೆಗೆ ಸಾಲಾಗಿ ನಿಲ್ಲಿಸಿದ್ದ ಯಂತ್ರಗಳ ಹಿಡಿಯನ್ನೆಲ್ಲ ಎಳೆದು, ಮಾವಿನ ಹಣ್ಣಿನ ಮೊಸರಿನ ಮೇಲೆ ತೆಂಗಿನ ಮೊಸರು, ಅದರ ಮೇಲೆ ಚಾಕೊಲೇಟ್ ಮೊಸರು ಸುತ್ತಿಸಿ ಗೋಪುರ ಕಟ್ಟಿದ್ದ. ಹಿಮದಂತೆ ಗಟ್ಟಿಯಾದ ಆ ಮೊಸರಿನ ತುಂಬ ಕಡಲೆಬೀಜ, ಪಪಾಯ ಚೂರು ಸುರಿದಿದ್ದ. ಅವನ ಹಿಂದೆ ರಗ್ಬಿ ಗೆಳೆಯರ ಗುಂಪು, ಎಲ್ಲರ ಕೈಯಲ್ಲೂ ಅಂಥದೇ ಗೋಪುರ.

“ನಮ್ಮ್ ಮಾವನ ಅಂಗಡೀಲಿ ನಂಗೆ ತೂಕನಾ?” ಕಲೋನಿ ನಕ್ಕ. “ಬೋರ್ಡ್ ಓದಕ್ಕೆ ಬರಲ್ವೇನೋ ನಿಂಗೆ?”

ಬೋರ್ಡು ಬರೆದವನು ಆ ಮಾವ, ಪೆನಿ. ಆಸ್ಟ್ರೇಲಿಯಾದಲ್ಲಿ ಬೆನ್ನು ಮುರಿಯುವಷ್ಟು ದ್ರಾಕ್ಷಿ ಕಿತ್ತು, ಅಲ್ಲಿನ ಪೇಟೆಯಲ್ಲಿ ಗಿರಾಕಿಗಳೇ ಹಾಕಿಕೊಂಡು ತೂಕದ ಲೆಕ್ಕದಲ್ಲಿ ದುಡ್ಡು ಕೊಡುವ ಇಂಥದೊಂದು ಅಂಗಡಿ ನೋಡಿ ಮರುಳಾಗಿ, ಯಂತ್ರಗಳನ್ನು ಹಡಗಿಗೆ ಹೇರಿಸಿ ತನ್ನ ದ್ವೀಪದ ಪಟ್ಟಣ ನುಕುಅಲೋಫಾಕ್ಕೆ ತಂದಿದ್ದ. ಅಂದು ಬೆಳಿಗ್ಗೆಯಷ್ಟೇ ಪಾದ್ರಿ ಬಂದು ಪ್ರಾರ್ಥನೆ ಮಾಡಿ ಬಾಗಿಲು ತೆರೆಸಿದ್ದರು. ಬೋರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ‘ನಿಮ್ಮದೇ ಎಂದುಕೊಂಡು ಹಾಕಿಕೊಳ್ಳಿ’ ಎಂದಿತ್ತು. ಪರರನ್ನು ಕರೆಯಲು ಬರೆದ ಮಾತು ಅದು. ಅಕ್ಕನ ಮಗನಿಗೆ ಬೋರ್ಡು ಯಾಕೆ? ಆ ದ್ವೀಪದ ರೂಢಿಯಲ್ಲಿ ಅವನು ಫಹು, ಮಾವನದೆಲ್ಲದರ ಮೇಲೂ ಹಕ್ಕುಳ್ಳವನು. ಮಾವನ ಹಂದಿಯನ್ನು ಕೇಳದೆ ಹೊಡೆದುಕೊಂಡು ಹೋದರೂ, ಮೈಮೇಲಿನ ಅಂಗಿ ಬಿಚ್ಚಿಸಿಕೊಂಡರೂ ಮಾವನಾದವನು ನಗುತ್ತಲೇ ಕೊಡಬೇಕು. ಅವನ ಮುಂದೆ ತೂಕ ಹಾಕಿ ದುಡ್ಡು ಕೇಳುವುದೆಂದರೆ ‘ನೀನು ನನಗೆ ಯಾರೂ ಅಲ್ಲ’ ಎಂದು ಮುಖಕ್ಕೆ ಉಗಿದಂತೆ.

ಬೆಳಗಿನಿಂದ ಕಲೋನಿ ಬಂದು ಹೋಗುತ್ತಲೇ ಇದ್ದ, ಪ್ರತಿ ಸಲವೂ ಹೊಸ ಗುಂಪು ಕಟ್ಟಿಕೊಂಡು. ಯಂತ್ರಗಳು ಆಗಲೇ ಅರ್ಧ ಖಾಲಿಯಾಗಿ ಬುಸುಗುಡುತ್ತಿದ್ದವು. ಪೆನಿಯ ಹೆಂಡತಿ ಸೆಲು ಅಡ್ಡಗೋಡೆಯ ಹಿಂದಕ್ಕೆ ಗಂಡನನ್ನು ಕರೆದು, “ಅಂಗಡಿ ನಡೆಸ್ತೀಯೋ, ಅಕ್ಕನ ಮನೆ ನಡೆಸ್ತೀಯೋ? ಇವತ್ತೇ ಹೇಳ್ಬಿಡು,” ಎಂದಿದ್ದಳು. ಪೆನಿ ಬಗ್ಗಿ ಕಡಲೆಬೀಜದ ಡಬ್ಬ ತುಂಬಿಸತೊಡಗಿದ್ದ. ಅದಕ್ಕೇ ಅವಳು ಊಟಕ್ಕೆ ಹೊರಟಿದ್ದ ತನ್ನ ತಮ್ಮ ಹವೇಯಾನನ್ನು ತಡೆದು ತಕ್ಕಡಿಯ ಮುಂದೆ ನಿಲ್ಲಿಸಿದ್ದಳು. ಅವನಿಗೆ ಕಲೋನಿ ಅಳಿಯನೂ ಅಲ್ಲ, ಮಣ್ಣೂ ಅಲ್ಲ.

“ಓದಕ್ಕೆ ಬರತ್ತೆ,” ಎಂದ ಹವೇಯಾ. “ಹಾಕ್ಕೊಳ್ಳಿ ಅಂತ ಬರ್ದಿದೆ. ಹೊತ್ಕೊಂಡ್ ಹೋಗಿ ಅಂತ ಬರ್ದಿಲ್ಲ.”

“ಭಾವನ ಅನ್ನ ತಿನ್ನೋ ನಾಯಿ, ಬೊಗಳ್ಬೇಡ.”

ಹವೇಯಾ ಅವನ ಮುಂಗೈ ಹಿಡಿದು ತಿರುವಿದ. ಕಲೋನಿ ಲೋಟವನ್ನು ಅವನ ಮುಖಕ್ಕೇ ಅಪ್ಪಳಿಸಿದ. ಕಣ್ಣಿಗೆ ಮೊಸರು ತುಂಬಿಕೊಂಡ ಹವೇಯಾ ಕೈಗೆ ಸಿಕ್ಕಿದ ಸ್ಟೀಲು ತಟ್ಟೆಯನ್ನು ಬೀಸಿದ. ಅದರ ಅಂಚು ಕಲೋನಿಯ ಹುಬ್ಬಿಗೆ ತಗುಲಿ ಸೀಳಿತು. ರಕ್ತ ಬಳಬಳ ಇಳಿಯಿತು. ಮಕ್ಕಳನ್ನು ಕರೆತಂದಿದ್ದ ಹೆಂಗಸರು ಕಿರುಚಿಕೊಂಡು ಬೀದಿಗೆ ಓಡಿದರು.

ಪೆನಿಗೆ ಆಗ ಕಂಡದ್ದು ಒಂದೇ, ತನ್ನ ಸೂರಿನ ಕೆಳಗೆ ಅಕ್ಕನ ಮಗನ ತಲೆಯಿಂದ ಸುರಿಯುತ್ತಿದ್ದ ರಕ್ತ. ಅಡ್ಡಗೋಡೆಯ ಹಿಂದಿನಿಂದ ನುಗ್ಗಿ ಬಂದವನೇ ಹವೇಯಾನ ದವಡೆಗೆ ಗುದ್ದಿದ. ದ್ರಾಕ್ಷಿಯ ಪೆಟ್ಟಿಗೆ ಎತ್ತೆತ್ತಿ ಕಲ್ಲಾಗಿದ್ದ ಕೈ. ಹವೇಯಾ ಸ್ಟ್ರಾಬೆರಿ ಬೋಗುಣಿಯ ಮೇಲೆ ಬಿದ್ದ. ಎದ್ದು ಉಗುಳಿದಾಗ ಹಲ್ಲೊಂದು ಟಣ್ ಎಂದು ನೆಲಕ್ಕೆ ಬಿತ್ತು.

“ಪಾಪಿ! ನಿನ್ನ ಅಂಗಡಿ ಕಾಯಕ್ಕೆ ನಿಂತೋನಿಗೇ ಹೊಡೆದ್ಯಲ್ಲೋ!” ಸೆಲು ಗಂಡನ ಬೆನ್ನಿಗೆ ಎರಡೂ ಕೈಯಲ್ಲಿ ಬಡಿದಳು.

ಕಲೋನಿ ರಕ್ತ ಒರೆಸಿಕೊಂಡು ಚಪ್ಪಾಳೆ ತಟ್ಟಿದ. “ಹಂಗೇ ಮಾವ! ಇನ್ನೊಂದ್ ಕೊಡು!” ಗೆಳೆಯರಿಗೆ ಕಣ್ಣು ಹೊಡೆದು ಯಂತ್ರಗಳ ಹಿಡಿಗಳನ್ನೆಲ್ಲ ಕೆಳಕ್ಕೆ ಎಳೆದುಬಿಟ್ಟ. ಬಿಳಿ, ಹಳದಿ, ಕಂದು ಮೊಸರು ಸುರುಳಿಸುರುಳಿಯಾಗಿ ನೆಲಕ್ಕೆ ಇಳಿಯತೊಡಗಿತು. ಆಮೇಲೆ ತಕ್ಕಡಿಯ ವೈರನ್ನು ಗೋಡೆಯಿಂದ ಕಿತ್ತು ಎರಡು ಸುತ್ತು ಕೈಗೆ ಸುತ್ತಿಕೊಂಡು, “ಇದೂ ನಂಗೇ,” ಎಂದ. “ನೋಡು ಮಾವ, ತಕ್ಕಡಿ ಇಲ್ದಿದ್ರೆ ಜಗಳಾನೇ ಇಲ್ಲ.”

ಗೆಳೆಯರು ಬಿದ್ದು ಬಿದ್ದು ನಕ್ಕರು.

ಕಲೋನಿಗೆ ಹೊಡೆದದ್ದು ಪೆನಿಗೇ ತಿಳಿಯಲಿಲ್ಲ. ಮೊದಲ ಏಟಿಗೆ ನಗು ನಿಂತಿತು. ಎರಡನೆಯದಕ್ಕೆ ಕಲೋನಿ ಮೊಸರಿನಲ್ಲಿ ಜಾರಿ ಕುಸಿದ. ಪೆನಿ ಅವನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದುತ್ತಲೇ ಹೋದ. ಗೆಳೆಯರು ನಗಲೂ ಇಲ್ಲ, ಬಿಡಿಸಲೂ ಇಲ್ಲ. ಫಹುವಿನ ಮೇಲೆ ಮಾವ ಕೈ ಎತ್ತಿದ್ದನ್ನು ಅವರು ಕಂಡದ್ದಿರಲಿ, ಕೇಳಿಯೂ ಇರಲಿಲ್ಲ.

“ಭಾವ, ಬಿಡು! ಸತ್ತೋಗ್ತಾನೆ!” ಕೊನೆಗೆ ಅವನನ್ನು ಎಳೆದವನು ಬಾಯಲ್ಲಿ ರಕ್ತ ತುಂಬಿಕೊಂಡಿದ್ದ ಹವೇಯಾ.

ಬಾಗಿಲಲ್ಲಿ ಕಲೋನಿಯ ತಾಯಿ ಲವೀನಿಯಾ ನಿಂತಿದ್ದಳು. ಓಡಿಹೋದ ಹೆಂಗಸರಲ್ಲಿ ಯಾರೋ ಹೇಳಿರಬೇಕು. ತಾಯಿ ಸತ್ತ ಮೇಲೆ ತಮ್ಮನಿಗೆ ಗೆಣಸು ಬೇಯಿಸಿ ಹಾಕಿ ಸಾಕಿದವಳು ಅವಳು. ಚಾಪೆ ಹೆಣೆದು ಮಾರಿ ಆಸ್ಟ್ರೇಲಿಯಾಕ್ಕೆ ಕಳಿಸಿದವಳೂ ಅವಳೇ. ಪೆನಿ ತಟ್ಟನೆ ನೆಲಕ್ಕೆ ಕೂತು ತಲೆ ತಗ್ಗಿಸಿದ. ಅಕ್ಕನೆದುರು ಅವನು ಎಂದೂ ನಿಂತು ಮಾತಾಡಿದವನಲ್ಲ. ಅವನ ಬೆರಳ ಗೆಣ್ಣುಗಳಿಂದ ರಕ್ತ ಮೊಸರಿಗೆ ತೊಟ್ಟಿಕ್ಕುತ್ತಿತ್ತು.

ಅವಳು ಮಗನ ಬಳಿ ಹೋಗಲಿಲ್ಲ. ಗೆಳೆಯರಿಗೆ “ಎತ್ಕೊಂಡ್ ಹೋಗ್ರೋ,” ಎಂದಳು. ಅವರು ಎತ್ತಿಕೊಂಡು ಹೋದರು. ಆಮೇಲೆ ಯಂತ್ರಗಳ ಹಿಡಿಗಳನ್ನು ಒಂದೊಂದಾಗಿ ಮೇಲಕ್ಕೆ ಮಾಡಿದಳು. ಕೊನೆಯದರ ಕೆಳಗೆ ಮಾತ್ರ ಸಣ್ಣ ಲೋಟವೊಂದನ್ನು ಹಿಡಿದು ತುಂಬಿಕೊಂಡಳು.

“ಅತ್ತಿಗೆ, ಕೂತ್ಕೊಳ್ಳಿ. ನಾನು ಹಾಕ್ಕೊಡ್ತೀನಿ,” ಎಂದಳು ಸೆಲು.

“ಬೇಡಮ್ಮ. ನಾವೇ ಹಾಕ್ಕೋಬೇಕಂತಲ್ಲ ಇಲ್ಲಿ.”

ಕಿತ್ತು ಬಂದಿದ್ದ ವೈರನ್ನು ಲವೀನಿಯಾ ತಾನೇ ಸಿಕ್ಕಿಸಿದಳು. ಲೋಟವನ್ನು ತಕ್ಕಡಿಯ ಮೇಲಿಟ್ಟು, ಅಂಗಿಯ ಎದೆಯೊಳಗಿಂದ ದುಡ್ಡಿನ ಕೈಚೀಲ ತೆಗೆದಳು.

“ಅಕ್ಕಾ, ಬೇಡ,” ಎಂದ ಪೆನಿ ನೆಲದಿಂದ. “ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಅದನ್ನ ತೆಗಿ.”

ಅವಳು ಹವೇಯಾನ ಕಡೆ ತಿರುಗಿದಳು. “ಪರರು ಎಷ್ಟು ಕೊಡ್ತಾರೋ ಅಷ್ಟೇ ನೋಡಿ ಹೇಳಪ್ಪ.”

ಹವೇಯಾ ಬಾಯಿಗೆ ಒತ್ತಿ ಹಿಡಿದಿದ್ದ ಬಟ್ಟೆಯನ್ನು ತೆಗೆಯಲಿಲ್ಲ. ಲೋಟದಂಚಿನಿಂದ ತೆಂಗಿನ ಮೊಸರು ಕರಗಿ ಇಳಿಯುತ್ತಿತ್ತು. ತಕ್ಕಡಿಯ ಕೆಂಪು ಅಂಕಿಗಳು ಒಮ್ಮೆ ಏರಿ, ಒಮ್ಮೆ ಇಳಿದು, ಒಂದು ಕಡೆ ನಿಂತವು.