ನಾಗವ್ವ ಬಿಗಿದ ಅರಿಶಿನದ ದಾರ

ನಾನೊಂದು ಮೋಟರ್ ಸೈಕಲ್. ಹುಟ್ಟಿದ್ದು ಎಲ್ಲೋ ದೂರದ ಕಾರ್ಖಾನೆಯಲ್ಲಿ, ನನ್ನದೇ ಮುಖದ ನೂರಾರು ಅಣ್ಣತಮ್ಮಂದಿರ ಸಾಲಿನಲ್ಲಿ. ಎದೆಗೆ ಎಂಜಿನ್ ಕೂರಿಸಿ, ಪಕ್ಕಕ್ಕೆ ಕಾರ್ಬುರೇಟರ್ ಜೋಡಿಸಿದ ಕೈ ಯಾರದೆಂದು ನನಗೆ ಗೊತ್ತಿಲ್ಲ. ಗಾಳಿ, ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಉಣಿಸುವುದು ಕಾರ್ಬುರೇಟರಿನ ಕೆಲಸ. ಈಗಿನ ಗಾಡಿಗಳಿಗೆ ಅದು ಇಲ್ಲವಂತೆ. ಇರಲಿ, ಅವುಗಳ ಊಟ ಅವುಗಳಿಗೆ.

ಗದುಗಿಗೆ ಬಂದಾಗ ಮೊದಲು ನನ್ನನ್ನು ಕೊಂಡವರು ಚಿತ್ರಕಲೆ ಕಲಿಸುವ ಹೊಸೂರ ಮಾಸ್ತರರು. ಸೈಕಲ್ಲಿನವರೂ ನಮ್ಮನ್ನು ದಾಟಿ ಹೋಗುತ್ತಿದ್ದರು, ಅಷ್ಟು ನಿಧಾನ. ಅವರ ಕಣ್ಣು ಮಂಜಾದ ಮೇಲೆ ನಾನು ಶಿವಲೀಲಾಳ ಪಾಲಿಗೆ ಬಂದೆ.

ಶಿವಲೀಲಾ ಮತ್ತು ಅವಳ ಅತ್ತೆ ನಾಗವ್ವ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದರು. ಹತ್ತಿ ಬಿಡಿಸುವ ಹಳೆಯ ಜಿನ್ನಿಂಗ್ ಗಿರಣಿಯ ಬಯಲಿನಲ್ಲಿ ಅವಳು ನನ್ನ ಮೇಲೆ ಸವಾರಿ ಕಲಿತಳು. ಅವಳೂ ಬಿದ್ದಳು, ನಾನೂ ಬಿದ್ದೆ. ಒಬ್ಬರನ್ನೊಬ್ಬರು ಬೈದುಕೊಳ್ಳಲಿಲ್ಲ. ಆಮೇಲೆ ನನ್ನ ಬೆನ್ನಿಗೆ ರೊಟ್ಟಿಯ ಬುಟ್ಟಿ ಕಟ್ಟಿಕೊಂಡು ಹೊರಟರೆ ಅವಳ ಮುಖದಲ್ಲಿ ಒಂದು ಗತ್ತು. ಆ ಗತ್ತು ನೋಡಿದರೆ ನನಗೂ ಹಿಗ್ಗು.

ನಾಗವ್ವಳಿಗೆ ಮಾತ್ರ ನನ್ನ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಸೊಸೆ ತಿರುಗಿ ಬರುವವರೆಗೂ ಹೊಸ್ತಿಲು ಬಿಡುತ್ತಿರಲಿಲ್ಲ. ಆ ವರ್ಷದ ಆಯುಧಪೂಜೆಗೆ ನನ್ನ ಹ್ಯಾಂಡಲ್ಲಿಗೆ ಅರಿಶಿನದ ಕೊಂಬು ಇಟ್ಟು, ಅದರ ಮೇಲೆ ದಾರವನ್ನು ಸುತ್ತಿ ಸುತ್ತಿ ಗಂಟು ಹಾಕಿದಳು. "ಸಾವಕಾಶ ಹೋಗಪಾ. ನನ್ನ ಸೊಸಿನ್ನ ಹೊತ್ತು ತಿರಗತಿ, ನೆಪ್ಪಿರ್ಲಿ" ಎಂದಳು. ಪಕ್ಕದಲ್ಲಿದ್ದ ಎಕ್ಸಿಲೇಟರ್ ಕೇಬಲ್ ಕೂಡ ಆ ದಾರದೊಳಗೆ ಸಿಕ್ಕಿಕೊಂಡಿತು. ಮರುದಿನ ತೊಳೆದಾಗ ದಾರ ನೆನೆದು ಇನ್ನೂ ಬಿಗಿಯಾಯಿತು.

ಅಲ್ಲಿಂದ ಶುರುವಾಯಿತು ನನ್ನ ಜಡ್ಡು. ಶಿವಲೀಲಾ ಎಕ್ಸಿಲೇಟರ್ ಬಿಟ್ಟರೂ ಕೇಬಲ್ ಬೇಗ ಹಿಂದಕ್ಕೆ ಜಾರುತ್ತಿರಲಿಲ್ಲ. ಎಂಜಿನ್ ಇಳಿಯದೆ ಒದರುತ್ತಲೇ ಇರುತ್ತಿತ್ತು. ಒಂದು ದಿನ ರೈಲ್ವೆ ಗೇಟು ಬೀಳುವ ಹೊತ್ತಿಗೆ ಅವಳು ಬ್ರೇಕ್ ಹಿಡಿದಳು, ನಾನು ಮುಂದಕ್ಕೆ ಜಗ್ಗಿದೆ. ಗೇಟಿಗೆ ಗೇಣು ದೂರದಲ್ಲಿ ಹೇಗೋ ನಿಂತೆವು. ಬುಟ್ಟಿ ಉರುಳಿ ರೊಟ್ಟಿಗಳೆಲ್ಲ ಮಣ್ಣುಪಾಲಾದವು. ಅವಳು ಎಂಜಿನ್ ಆರಿಸಿ ಕೆಳಗಿಳಿದಳು. ನನಗೆ ಬಹಳ ನಾಚಿಕೆಯಾಯಿತು.

ನನ್ನನ್ನು ತಳ್ಳಿಕೊಂಡೇ ಮೆಕ್ಯಾನಿಕ್ ದಾವಲ್‌ಸಾಬನ ಅಂಗಡಿಗೆ ಬಂದಳು.

"ಚಾಚಾ, ಇವತ್ತ ಇದು ಸರಿ ಆಗಲಿಲ್ಲಂದ್ರ ಗುಜರಿಗೆ ಹಾಕಿಬಿಡ್ತೀನಿ. ಮತ್ತ ನಾ ಗಾಡಿ ಹತ್ತಂಗಿಲ್ಲ. ನನಗ ಅಂಜಿಕಿ ಹೊಕ್ಕೈತಿ."

ಗುಜರಿ ಎಂಬ ಮಾತು ಕೇಳಿ ನನ್ನ ಎಣ್ಣೆ ತಣ್ಣಗಾಯಿತು. ದಾವಲ್‌ಸಾಬ ಮೊದಲು ಸ್ಕ್ರೂ ತಿರುಗಿಸಿ ಎಂಜಿನ್ನಿನ ಓಟ ತಗ್ಗಿಸಿದ. ನಾನು ಒದರಿ ಒದರಿ ಕೊನೆಗೆ ಆರಿಯೇ ಹೋದೆ. ಕಾರ್ಬುರೇಟರ್ ಬಿಚ್ಚಿದ, ತೊಳೆದ, ಸ್ಪ್ರಿಂಗ್ ಒತ್ತಿ ನೋಡಿದ. ಎಲ್ಲ ಸರಿ ಇತ್ತು. ಮತ್ತೆ ಜೋಡಿಸಿ ನನ್ನನ್ನು ಚಾಲೂ ಮಾಡಿ, ಕಾರ್ಬುರೇಟರ್ ಎಂಜಿನ್ನಿಗೆ ಕೂಡುವ ರಬ್ಬರಿನ ಮೇಲೆ ನೀರು ಚಿಮುಕಿಸಿ ಕಿವಿಗೊಟ್ಟ. ಅಲ್ಲಿ ಗಾಳಿ ಎಳೆಯುತ್ತಿದ್ದರೆ ಸದ್ದು ಬದಲಾಗಬೇಕಿತ್ತು, ಆಗಲಿಲ್ಲ. ಹ್ಯಾಂಡಲ್ಲಿನ ಕಡೆ ಬಂದಾಗೆಲ್ಲ ದಾರಕ್ಕೆ ಕೈ ತಾಗದಂತೆ ಸರಿಯುತ್ತಿದ್ದ. ಬೇರೆಯವರ ಪೂಜೆಯದು, ತಾನೇಕೆ ಮುಟ್ಟಲಿ ಎಂಬ ಮರ್ಯಾದೆ ಅವನದು. ಅಲ್ಲೇ ನೋಡೋ ಮಾರಾಯಾ ಎಂದು ಕೂಗಬೇಕೆನಿಸಿತು. ನನಗೆ ಬರುವುದು ಒಂದೇ ಕೂಗು, ಅದೇ ಜಡ್ಡಾಗಿತ್ತು!

ಬಿಸಿಲು ಏರಿತೆಂದು ಶಿವಲೀಲಾ ಎಂಜಿನ್ ಆರಿಸದೆಯೇ ನನ್ನನ್ನು ನೆರಳಿಗೆ ಹೊರಳಿಸಿದಳು. ಹ್ಯಾಂಡಲ್ ಎಡಕ್ಕೆ ತಿರುಗಿದ್ದೇ ಎಂಜಿನ್ ತಾನಾಗಿ ಕಿರುಚಿತು. ದಾವಲ್‌ಸಾಬ ಥಟ್ಟನೆ ಎದ್ದು, ಕೇಬಲ್ ಹಿಡಿದು ಮೇಲಕ್ಕೆ ತಡವುತ್ತ ಹೋಗಿ ದಾರದ ಹತ್ತಿರ ಬೆರಳು ನಿಲ್ಲಿಸಿದ.

"ಜಡ್ಡು ಇಲ್ಲೈತಿ ತಂಗಿ. ದಾರ ಕೇಬಲ್ ಹಿಡದೈತಿ, ಹ್ಯಾಂಡಲ್ ಹೊಳ್ಳಿದ್ರ ಜಗ್ಗತೈತಿ. ಆದ್ರ ದೇವರ ದಾರ, ನಾ ಕೈ ಹಚ್ಚಂಗಿಲ್ಲ. ಕಟ್ಟಿದವರ ಬಂದು ಬಿಚ್ಚಲಿ."

ಶಿವಲೀಲಾಳ ಮುಖ ಪೆಚ್ಚಾಯಿತು. ಅತ್ತೆಗೆ ಇದನ್ನು ಯಾವ ಬಾಯಲ್ಲಿ ಹೇಳುವುದು? ಆದರೂ ಹೋಗಿ ಕರೆತಂದಳು. ನಾಗವ್ವ ಎಲ್ಲ ಕೇಳಿ ನನ್ನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಗಂಟು ಉಗುರಿಗೆ ಬಗ್ಗದಿದ್ದಾಗ ಹಲ್ಲಿನಿಂದ ಸಡಿಲಿಸಿ, ದಾರ ಬಿಚ್ಚಿ ಸೊಸೆಯ ಕೈಗಿಟ್ಟಳು. ಕಣ್ಣು ತುಂಬಿ ಬಂದಿತ್ತು.

"ಸಾವಕಾಶ ಹೋಗ್ಲಿ ಅಂತ ಕಟ್ಟಿದ್ನೆವಾ. ನಾನ ನಿನ್ನ ಗೇಟಿಗೆ ನೂಕಿದಂಗಾತಲ್ಲ."

"ಹಂಗನಬ್ಯಾಡ್ರಿ ಅತ್ತಿ. ಜಾಗಾ ತಪ್ಪಿತು, ಅಷ್ಟ. ಕನ್ನಡಿ ಕಡ್ಡಿಗೆ ಕಟ್ರಿ, ನೀವು ಕಟ್ಟಿದ್ದು ನನ್ನ ಕಣ್ಮುಂದ ಇರ್ಲಿ" ಎಂದು ಶಿವಲೀಲಾ ಆ ದಾರವನ್ನು ಮರಳಿ ಅತ್ತೆಯ ಕೈಯಲ್ಲೇ ಇಟ್ಟಳು.

ದಾವಲ್‌ಸಾಬ ಎಕ್ಸಿಲೇಟರ್ ತಿರುವಿ ಬಿಟ್ಟ. ನಾನು ಒಮ್ಮೆ ಗುಡುಗಿ, ಕೂಡಲೇ ಇಳಿದು, ಟಕ ಟಕ ಎಂದು ಸಮನಾಗಿ ಮಿಡಿಯತೊಡಗಿದೆ. ಶಿವಲೀಲಾ ತಾನೂ ಒಮ್ಮೆ ತಿರುವಿ ಬಿಟ್ಟು ನೋಡಿ, ಆಮೇಲೆ ಕಾಲು ಹಾಕಿ ಹತ್ತಿದಳು.

ಅವಳನ್ನು ಹೊತ್ತು ಎಷ್ಟೋ ಕಾಲ ತಿರುಗಿದೆ. ಈಗ ನನ್ನ ಎಂಜಿನ್ ಸವೆದಿದೆ, ಮನೆಯ ಗೋಡೆಗೆ ಒರಗಿ ನಿಂತಿದ್ದೇನೆ. ಅಂಗಳದಲ್ಲಿ ಹೊಸ ಸ್ಕೂಟರ್ ಇದೆ. ಆಯುಧಪೂಜೆ ಬಂದರೆ ನಾಗವ್ವ ದಾರ ಹಿಡಿದು, "ಇದಕ್ಕ ಎಲ್ಲಿ ಕಟ್ಲೆವಾ?" ಎಂದು ಸೊಸೆಯನ್ನು ಕೇಳುತ್ತಾಳೆ. ತೋರಿಸಿದಲ್ಲೇ ಸಡಿಲವಾಗಿ ಕಟ್ಟುತ್ತಾಳೆ.

ಆಮೇಲೆ ನನ್ನ ಹತ್ತಿರ ಬರುತ್ತಾಳೆ. ಯಾರನ್ನೂ ಕೇಳುವುದಿಲ್ಲ. "ನೀ ಇನ್ನ ಎಲ್ಲಿ ಹೋಗಾಂವಪಾ" ಎನ್ನುತ್ತ ಹ್ಯಾಂಡಲ್ಲಿಗೆ, ಕೇಬಲ್ ಸಮೇತ, ಅದೇ ಹಳೆಯ ಜಾಗಕ್ಕೆ ಕೊಂಬು ಇಟ್ಟು ಮನಸಾರೆ ಬಿಗಿಯುತ್ತಾಳೆ. ನಾನು ಸುಮ್ಮನೆ ಕಟ್ಟಿಸಿಕೊಳ್ಳುತ್ತೇನೆ.