ಎಡಗಡೆಯ ಹೊಲಿಗೆ

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಅಂದು ಹಳೇ ಕಾಗದ ಒಯ್ಯುವ ಗಾಡಿ ಬರುವ ದಿನ. ಶಿಹೊ ಎದ್ದು ಬರುವಷ್ಟರಲ್ಲಿ ಅತ್ತೆ, ಹೂಗುಚ್ಛಗಳಿಗೆ ಸುತ್ತಿ ಬಂದಿದ್ದ ಕಾಗದವನ್ನೆಲ್ಲ ಮಟ್ಟಸವಾಗಿ ಜೋಡಿಸಿ ದಾರ ಬಿಗಿಯುತ್ತಿದ್ದರು. ಕೆಂಗೊನ ಅಸ್ಥಿಯ ಪೆಟ್ಟಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಗೋಡೆಯ ಪಕ್ಕದಲ್ಲಿತ್ತು. ಅದರ ಮುಂದೆ ಬಟ್ಟಲ ಅನ್ನ ಹಬೆಯಾಡುತ್ತಿತ್ತು. ಶಿಹೊ ಗಂಡನಿಗೆ ಕೈಮುಗಿದಳು. ಒಳಗೆ ಏನೂ ಅಲುಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿಮದ್ದು ಕೊಟ್ಟ ದವಡೆಯ ಹಾಗಿತ್ತು ಅವಳ ಎದೆ.

ಅವನ ಮೇಜಿನ ಕೆಳಗೂ ರದ್ದಿ ಇದೆಯೇನೋ ನೋಡು ಎಂದರು ಅತ್ತೆ. ಅಲ್ಲಿದ್ದದ್ದು ರದ್ದಿಯಲ್ಲ. ಹೊಳೆಯಂಚಿನಲ್ಲಿ ಕೈಯಿಂದ ಕಾಗದ ಮಾಡುವವರಲ್ಲಿ ತಂದ ಹಾಳೆಗಳ ಕಟ್ಟು, ಮೇಲೆ ನೀಲಿ ಹೊದಿಕೆ. ಅಂಚಿನಲ್ಲಿ ಮೂರು ತೂತು. ನಾಲ್ಕನೆಯದಕ್ಕೆ ಪೆನ್ಸಿಲ್ಲಿನ ಚುಕ್ಕಿ ಮಾತ್ರ. ಪಕ್ಕದಲ್ಲಿ ದಾರ ಪೋಣಿಸಿದ ಸೂಜಿ, ಮರದ ಹಿಡಿಯ ದಬ್ಬಳ.

ಕೆಂಗೊ ಈ ನೋಟ್‌ಬುಕ್ ಹೊಲಿಯಹೊರಟಿದ್ದು ಯಾರಿಗಾಗಿ ಎಂದು ಶಿಹೊಗೆ ಯಾರೂ ಹೇಳಬೇಕಾಗಿರಲಿಲ್ಲ. ಕಾಲೇಜಿನಲ್ಲಿ ಪಾಚಿಗಳ ಬಗ್ಗೆ ಓದಿದವಳು ಅವಳು. ಈಗಲೂ ಚರಂಡಿಯ ಕಲ್ಲು, ಗುಡಿಯ ಮೆಟ್ಟಿಲು ಎಲ್ಲಿ ಹಸಿರು ಕಂಡರೂ ಕುಕ್ಕರಗಾಲಲ್ಲಿ ಕೂತು ಚಿತ್ರ ಬಿಡಿಸಿ, ಅಂದಿನ ದಿನದ ನಾಲ್ಕು ಮಾತನ್ನೂ ಅದರ ಪಕ್ಕ ಬರೆದಿಡುವಳು. ಆದರೆ ಯಾವ ನೋಟ್‌ಬುಕ್ಕೂ ಅವಳ ಹತ್ತಿರ ಬಾಳುತ್ತಿರಲಿಲ್ಲ. ಒಂದರ ಗೆರೆ ತೀರಾ ಕಪ್ಪು, ಒಂದರಲ್ಲಿ ಪೆನ್ಸಿಲ್ ಜಾರುತ್ತದೆ, ಮತ್ತೊಂದು ಎಷ್ಟು ಚೆಂದವೆಂದರೆ ಬರೆಯಲು ಧೈರ್ಯ ಸಾಲದು.

"ನನ್ನನ್ನ ಒಂದೇ ಭೇಟೀಲಿ ಒಪ್ಕೊಂಡ್ಬಿಟ್ಟೆ, ನೋಟ್‌ಬುಕ್ಕಿಗೆ ಮಾತ್ರ ಊರೂರು ಅಲೀತೀಯಲ್ಲೇ" ಎಂದು ಕೆಂಗೊ ಛೇಡಿಸುತ್ತಿದ್ದ.

ಅತ್ತೆ ಆ ಕಟ್ಟನ್ನು ಕೈಗೆ ತೆಗೆದುಕೊಂಡರು. ಅವರ ಮುಖ ಸಣ್ಣಗಾಯಿತು. ಹೆಸರು ಬರೆಯುವ ಬಿಳಿ ಚೀಟಿಯನ್ನು ಕೆಂಗೊ ಮುಂಬದಿಗೆ ಅಂಟಿಸಿದ್ದ. ಹಾಗೆ ಹಿಡಿದರೆ ತೂತುಗಳು ಎಡಕ್ಕೆ ಬರುತ್ತಿದ್ದವು. ಬಲದಿಂದ ಎಡಕ್ಕೆ ಬರೆಯುವ ಇಂಥ ಹಳೇ ರೀತಿಯ ಪುಸ್ತಕಗಳಿಗೆ ಹೊಲಿಗೆ ಬಲಕ್ಕೆ. ಸಂಪ್ರದಾಯದಂತೆ ಸತ್ತವರಿಗಷ್ಟೇ ಎಲ್ಲವೂ ತಿರುವುಮುರುವು. ಮೊನ್ನೆಯಷ್ಟೇ ಅವರು ತಮ್ಮ ಕೈಯಾರೆ ಮಗನ ಶವಕ್ಕೆ ನಿಲುವಂಗಿಯ ಅಂಚನ್ನು ಬದಲು ಬದಿಗೆ ಮಡಿಸಿ ಉಡಿಸಿದ್ದರು.

"ಬದುಕಿದ್ದಾಗ್ಲೇ ಉಲ್ಟಾ ಮಾಡಿಟ್ಟಿದಾನೆ ಕಣಮ್ಮ. ಇದು ಮನೇಲಿರೋದು ಬೇಡ. ಗುಡಿಗೆ ಕೊಟ್ಟು ಸುಡಿಸಿಬಿಡೋಣ."

ಅವರು ಅದನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ಇಷ್ಟು ದಿನ ಯಾರು ಏನು ಹೇಳಿದರೂ ಹೂಂ ಎಂದಿದ್ದ ಶಿಹೊ ಬಟ್ಟೆಯ ಮೇಲೆ ಕೈಯಿಟ್ಟಳು.

"ಉಲ್ಟಾ ಅಲ್ಲ ಅತ್ತೆ. ನಾನು ಅಡ್ಡಡ್ಡ ಬರೀತೀನಿ, ಎಡದಿಂದ ಬಲಕ್ಕೆ. ಬಲಗಡೆ ಹೊಲಿದಿದ್ರೆ ನಂಗೆ ಪುಟ ಎಲ್ಲ ಹಿಂದುಮುಂದಾಗೋದು. ಅವರು ಅದನ್ನ ನೋಡಿಟ್ಕೊಂಡಿದ್ರು."

ಅವಳು ಸುತ್ತಿದ್ದ ಬಟ್ಟೆಯನ್ನು ಬಿಡಿಸಿದಳು.

ಅತ್ತೆ ಬರೆಯುವುದು ಮೇಲಿಂದ ಕೆಳಕ್ಕೆ, ಬಲದಿಂದ ಎಡಕ್ಕೆ. ಅವರು ಪುಸ್ತಕವನ್ನು ಎಡದಿಂದ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಒಂದೇ ಮನೆಯಲ್ಲಿದ್ದೂ ನೀನು ಬರೆಯೋದನ್ನ ನಾನು ನೋಡೇ ಇಲ್ಲವಲ್ಲ ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು. ಆಮೇಲೆ ಗಿಡ್ಡ ಮೇಜನ್ನು ಎಳೆದು ಕೂತರು.

"ಬಾ. ಇನ್ನೊಂದು ತೂತು ಬಾಕಿ ಇದೆ. ನಾನು ಹಿಡ್ಕೋತೀನಿ, ನೀನು ಚುಚ್ಚು."

ಕಾಗದದ ಗಾಡಿ ಕೂಗುತ್ತಾ ಬಂದು ಹೋಯಿತು, ಇಬ್ಬರೂ ಏಳಲಿಲ್ಲ. ಶಿಹೊ ಬಲವಾಗಿ ಒತ್ತಿದಳು, ದಬ್ಬಳ ಹಾಳೆಗಳನ್ನು ದಾಟಿ ಕೆಳಗಿನ ಹಲಗೆಗೆ ನಾಟಿಕೊಂಡಿತು. ಅಲ್ಲಾಡಿಸಿ ಕೀಳಬೇಕಾಯಿತು. ದಾರ ಎಳೆಯುವ ಹೊತ್ತಿಗೆ ಅವಳ ಕಣ್ಣು ತುಂಬಿ ಹೊಲಿಗೆ ಕಾಣದಾಯಿತು.

"ಕಾಗದದ ಮೇಲೆ ಬೀಳಿಸ್ಬೇಡ, ಆಕಡೆ ತಿರುಗಿ ಅಳು" ಎಂದರು ಅತ್ತೆ, ತಾವೂ ಮುಖ ತಿರುಗಿಸಿಕೊಂಡು.

ದಬ್ಬಳದ ಹಿಡಿಯ ಮೇಲೆ ಎದುರುಬೀದಿಯ ಚಾಪೆ ಹೊಲಿಯುವ ಉಶಿಜಿಮಾ ಅವರ ಗುರುತಿತ್ತು. ಕೆಂಗೊ ಕೇಳಿ ತಂದಿರಬೇಕು. ಅದನ್ನು ಹಿಂತಿರುಗಿಸಲು ಬರಿಗೈಯಲ್ಲಿ ಹೋಗಬಾರದೆಂದು ಅತ್ತೆ ಒಂದಿಷ್ಟು ಕಿತ್ತಳೆ ಕಟ್ಟಿಕೊಟ್ಟರು. ಮಧ್ಯಾಹ್ನ ಶಿಹೊ ರಸ್ತೆ ದಾಟಿ, ಹೊಸ ಹುಲ್ಲಿನ ವಾಸನೆಯ ಅಂಗಡಿಯಲ್ಲಿ, ಎರಡೂ ಕೈಯಲ್ಲಿ ದಬ್ಬಳವನ್ನು ಮುಂದೆ ಹಿಡಿದು ತಲೆಬಾಗಿದಳು. ಇಷ್ಟು ದಿನ ಇಟ್ಟುಕೊಂಡಿದ್ದಕ್ಕೆ ಕ್ಷಮೆ ಕೇಳಿದಳು.

ಮುದುಕರಾದ ಉಶಿಜಿಮಾ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಬಗ್ಗಿಸಿಟ್ಟಿದಾನೆ ನೋಡು, ನಿನ್ನ ಗಂಡ."

"ಅವರಲ್ಲ ಉಶಿಜಿಮಾ ಸಾನ್. ಬಗ್ಗಿಸಿದ್ದು ನಾನು, ಇವತ್ತು ಬೆಳಿಗ್ಗೆ."

"ಹಾಗಾದ್ರೆ ಅವನನ್ನ ಬೈದದ್ದು ತಪ್ಪಾಯ್ತು" ಎಂದು ಉಶಿಜಿಮಾ ದಬ್ಬಳವನ್ನು ಮಡಿಲಲ್ಲಿಟ್ಟುಕೊಂಡು ಕಿತ್ತಳೆಯೊಂದನ್ನು ಸುಲಿದು ಅರ್ಧ ಅವಳ ಕೈಗಿಟ್ಟರು.